ಮಾರಿ ಯಾರು? — ಕೊರೊನಾ ಕಾಲದ ಪತ್ರಿಕಾ ಚಿತ್ರಗಳನ್ನು ಕುರಿತು

1

ನಮ್ಮ ಕೇರಿಗೆ ಪೇಪರು ಹಾಕುವ ಹುಡುಗ ಬರುವುದಿಲ್ಲ. ಪೇಪರು ಅಲ್ಲಿಗೆ ಬರುವುದು ಬೇಳೆ, ಬೆಲ್ಲ, ಒಣಮೆಣಸಿನಕಾಯಿಯನ್ನು ಸುತ್ತಿಕೊಂಡು. ಸಾಮಾನನ್ನು ಡಬ್ಬಕ್ಕೆ ಸುರಿದ ಮೇಲೆ ನಮ್ಮವ್ವ ಆ ಹಾಳೆಯ ಸುಕ್ಕು ಬಿಡಿಸಿ, ಒಂದು ಗಳಿಗೆ ನೋಡಿ, ಗಂಜಿ ಸವರಿ ಗೋಡೆಗೆ ಅಂಟಿಸುತ್ತಾಳೆ. ಮಣ್ಣು ಉದುರದೆ ಇರಲಿ ಅಂತ. ನಾವು ಅಕ್ಷರ ಕೂಡಿಸಿ ಓದಲು ಕಲಿತದ್ದು ಅರ್ಧ ಶಾಲೆಯಲ್ಲಿ, ಇನ್ನರ್ಧ ಈ ಗೋಡೆಯ ಮೇಲೆ. ಅವ್ವನಿಗೆ ಅಕ್ಷರ ಬಾರದು. ಹಾಗಂತ ಅವಳು ಪೇಪರು ಓದುವುದಿಲ್ಲ ಎಂದರೆ ಸುಳ್ಳಾಗುತ್ತದೆ. ಅವಳು ಚಿತ್ರ ಓದುತ್ತಾಳೆ. ಯಾರು ಕುಂತಿದ್ದಾರೆ, ಯಾರು ನಿಂತಿದ್ದಾರೆ, ಯಾರ ಕೈಯಲ್ಲಿ ಏನಿದೆ, ಯಾರ ಕಾಲಲ್ಲಿ ಚಪ್ಪಲಿ ಇಲ್ಲ ಎಂಬುದನ್ನು ನಮ್ಮ ಕಾಲೇಜಿನ ಮೇಷ್ಟ್ರುಗಳಿಗಿಂತ ಚೆನ್ನಾಗಿ ಓದುತ್ತಾಳೆ.

2020ರ ಮಾರ್ಚಿಯಲ್ಲಿ ಹಾಸ್ಟೆಲ್ಲು ಮುಚ್ಚಿ ಊರಿಗೆ ಬಂದಾಗ ಗೋಡೆಯ ಮೇಲೆ ಕೊರೊನಾ ಆಗಲೇ ಬಂದು ಕೂತಿತ್ತು. ಮೈತುಂಬ ಕೆಂಪು ಮುಳ್ಳಿರುವ ಒಂದು ಬೂದು ಚೆಂಡು. ಅವ್ವ ಕೇಳಿದಳು: ‘ಇದೇನ್ ಮಗಾ, ಹರಳುಕಾಯಿ ಇದ್ದಂಗದೆ? ಇದಾ ಜನಾನ ಕೊಲ್ತಿರೋದು?’ ನಾವು ಓದಿದವರ ಗತ್ತಿನಲ್ಲಿ ಅದು ವೈರಸ್ಸು, ಕಣ್ಣಿಗೆ ಕಾಣುವುದಿಲ್ಲ ಅಂದೆವು. ‘ಕಾಣದೇ ಇರೋದ್ನ ಹೆಂಗ್ ಫೋಟೋ ತಗುದ್ರು?’ ಅಂದಳು. ನಮ್ಮ ಬಾಯಿ ಕಟ್ಟಿತು.

ಈ ಲೇಖನ ಅವ್ವನ ಆ ಪ್ರಶ್ನೆಯಿಂದ ಹುಟ್ಟಿದ್ದು. ಸುದ್ದಿಯ ಸತ್ಯಾಸತ್ಯತೆಯ ಬಗ್ಗೆ, ಪತ್ರಿಕಾ ಸ್ವಾತಂತ್ರ್ಯದ ಬಗ್ಗೆ ಬಲ್ಲವರು ಬಹಳ ಬರೆದಿದ್ದಾರೆ. ಆದರೆ ಈ ದೇಶದ ಕೋಟ್ಯಂತರ ಜನಕ್ಕೆ ಸುದ್ದಿ ಎಂದರೆ ಚಿತ್ರ ಮತ್ತು ಚಿತ್ರದ ಮೇಲಿನ ದಪ್ಪಕ್ಷರದ ಎರಡು ಮಾತು, ಅಷ್ಟೆ. ಆ ಚಿತ್ರಗಳು ರೋಗವನ್ನು ಏನೆಂದು ತೋರಿಸಿದವು? ರೋಗಿಯನ್ನು ಯಾರೆಂದು ತೋರಿಸಿದವು? ತೆಗೆದವನು ಎಲ್ಲಿ ನಿಂತಿದ್ದ? ನವ್ಯರು ಪದ್ಯದೊಳಗಿನ ಪ್ರತಿಮೆಯನ್ನು ಹಿಡಿದು ಹಿಂಜಿ ಹಿಂಜಿ ನೋಡಿದರು. ನಾವು ಬೀದಿಯ ಮೇಲೆ, ಗೋಡೆಯ ಮೇಲೆ, ಹೊಟ್ಟೆಯ ಮೇಲೆ ಬೀಳುವ ಪ್ರತಿಮೆಗಳನ್ನು ನೋಡಬೇಕಾಗಿದೆ.

2

ಮೊದಲು ಆ ಚೆಂಡು. ಅದು ಫೋಟೋ ಅಲ್ಲ. ಅಮೆರಿಕದ ಸರ್ಕಾರಿ ರೋಗ ನಿಯಂತ್ರಣ ಕೇಂದ್ರದ ಚಿತ್ರಕಾರರಾದ ಅಲಿಸ್ಸಾ ಎಕರ್ಟ್ ಮತ್ತು ಡಾನ್ ಹಿಗ್ಗಿನ್ಸ್ 2020ರ ಜನವರಿಯಲ್ಲಿ ಕಂಪ್ಯೂಟರಿನಲ್ಲಿ ರಚಿಸಿದ ಚಿತ್ರ. ವೈರಸ್ಸಿನ ಅಗಲ ಸುಮಾರು 100 ನ್ಯಾನೋಮೀಟರು, ಅಂದರೆ ಒಂದು ಮಿಲಿಮೀಟರಿನ ಹತ್ತು ಸಾವಿರದಲ್ಲಿ ಒಂದು ಪಾಲು. ನಮ್ಮ ಕಣ್ಣಿಗೆ ಕಾಣುವ ಬೆಳಕಿನ ಅಲೆಗಳು ಇದಕ್ಕಿಂತ ನಾಲ್ಕು ಪಟ್ಟಿನಿಂದ ಏಳು ಪಟ್ಟು ಉದ್ದ. ಹಾಗಾಗಿ ಅದಕ್ಕೆ ಬಣ್ಣವೇ ಇಲ್ಲ. ಕೆಂಪು ಬಣ್ಣ ಕೊಟ್ಟವರು ಮನುಷ್ಯರು. ಇದನ್ನು ನಾವು ತಪ್ಪು ಎನ್ನುವುದಿಲ್ಲ. ಕಾಣದ ಅಪಾಯವನ್ನು ಕಾಣಿಸುವುದು, ಎಚ್ಚರಿಸುವುದು ಚಿತ್ರಕಾರರ ಕೆಲಸ. ಅವರು ಅದನ್ನು ನಿಯತ್ತಾಗಿ ಮಾಡಿದರು.

ತಕರಾರು ಇರುವುದು ಆ ಚೆಂಡು ನಮ್ಮ ದೇಶಕ್ಕೆ ಬಂದ ಮೇಲೆ ಏನಾಯಿತು ಎಂಬುದರ ಬಗ್ಗೆ. ಇಲ್ಲಿ ಅದಕ್ಕೆ ಕೋರೆಹಲ್ಲು ಬಂತು, ಮೀಸೆ ಬಂತು, ಕೆಂಡದ ಕಣ್ಣು ಬಂತು, ಮೈ ಕಪ್ಪಾಯಿತು. 2020ರ ಹೋಳಿಯಲ್ಲಿ ಮುಂಬೈನ ವರಳಿಯಲ್ಲಿ ‘ಕೊರೊನಾಸುರ’ನ ಪ್ರತಿಕೃತಿ ಮಾಡಿ ಸುಟ್ಟರು, ಆ ಫೋಟೋ ದೇಶದ ಪೇಪರುಗಳಲ್ಲೆಲ್ಲ ಬಂತು. ಆಮೇಲೆ ವ್ಯಂಗ್ಯಚಿತ್ರಗಳಲ್ಲಿ, ದಸರೆಯ ಸ್ತಬ್ಧಚಿತ್ರಗಳಲ್ಲಿ ಕೊರೊನಾ ಎಂದರೆ ಅಸುರ. ಕಪ್ಪು ಮೈ, ಗುಂಗುರು ಕೂದಲು, ದಪ್ಪ ತುಟಿ. ಅದು ನಮ್ಮಪ್ಪಂದಿರ ಮೈಬಣ್ಣ, ನಮ್ಮಣ್ಣಂದಿರ ಕೂದಲು ಕಣ್ರೀ! ವಿಮಾನ ಹತ್ತಿ ವಿದೇಶದಿಂದ ಬಂದ ರೋಗಕ್ಕೆ ಕೇರಿಯವನ ಮುಖವನ್ನು ಯಾಕೆ ಹಚ್ಚಿದಿರಿ? ಬರೆಯುವ ಕೈಗೆ ಇದು ಗೊತ್ತೇ ಇಲ್ಲದೆ ಆಗಿರಬಹುದು. ಗೊತ್ತಿಲ್ಲದೆ ಆಗುವುದೇ ಹೆಚ್ಚು ಅಪಾಯ. ಸಾವಿರಾರು ವರ್ಷ ಪುರಾಣದಲ್ಲಿ ಕೊಂದು ಕೊಂದು ಅಭ್ಯಾಸವಾದ ಕೈಗೆ ಶತ್ರು ಎಂದ ಕೂಡಲೆ ಒಂದೇ ಮುಖ ನೆನಪಾಗುತ್ತದೆ.

ಇನ್ನು ಮಾತುಗಳು. ನಮ್ಮ ಕನ್ನಡ ಪತ್ರಿಕೆಗಳು ಕೊರೊನಾಕ್ಕೆ ಇಟ್ಟ ಹೆಸರು ‘ಹೆಮ್ಮಾರಿ’, ‘ಮಹಾಮಾರಿ’. ಮಾರಿ ಯಾರು? ನಮ್ಮ ಕೇರಿಯ ಅಂಚಿನ ಬೇವಿನ ಮರದ ಬುಡದಲ್ಲಿ ಕಲ್ಲಾಗಿ ಕುಂತವಳು. ಸಿಡುಬು, ದಡಾರ ಬಂದಾಗ ಅವ್ವಂದಿರು ರೋಗ ಬಂತು ಅನ್ನುವುದಿಲ್ಲ, ‘ಅಮ್ಮ ಆಗವ್ಳೆ’ ಅನ್ನುತ್ತಾರೆ. ಮಲಗಿದ ಕೂಸಿಗೆ ಬೇವಿನ ಸೊಪ್ಪು ಹಾಸುತ್ತಾರೆ, ಮೊಸರನ್ನ ಎಡೆ ಇಡುತ್ತಾರೆ. ಇದರಿಂದ ಸಿಡುಬು ವಾಸಿಯಾಯಿತು ಅಂತ ನಾವು ಹೇಳುತ್ತಿಲ್ಲ. ಸಿಡುಬನ್ನು ಈ ದೇಶದಿಂದ ಓಡಿಸಿದ್ದು ಲಸಿಕೆ. 1975ರಲ್ಲಿ ಇಲ್ಲಿ ಕೊನೆಯ ರೋಗಿ ಸಿಕ್ಕಿದ್ದು, 1980ರಲ್ಲಿ ಲೋಕಕ್ಕೇ ಸಿಡುಬು ಇಲ್ಲವೆಂದು ಸಾರಿದರು. ಮಾರಿಯ ಕಥೆಯೊಳಗೂ ಜಾತಿಯ ವಿಷ ಇದೆ. ಮೋಸದಿಂದ ಮೇಲುಜಾತಿಯವಳನ್ನು ಮದುವೆಯಾದ ಹೊಲೆಯನೇ ಕೋಣವಾಗಿ ವರ್ಷ ವರ್ಷ ಬಲಿ ಬೀಳುತ್ತಾನೆ ಎನ್ನುವ ಆ ಕಥೆಯನ್ನು ನಾವು ಪೂಜೆ ಮಾಡುವವರಲ್ಲ. ಆದರೆ ಒಂದು ಮಾತನ್ನು ಗಮನಿಸಿ. ಕೇರಿಯ ಆ ನುಡಿಯಲ್ಲಿ ರೋಗಿ ಶತ್ರುವಲ್ಲ. ಅವನ ಮೈಯಲ್ಲಿ ಅಮ್ಮ ಇದ್ದಾಳೆ, ಅವನ ಹತ್ತಿರ ಮೆತ್ತಗೆ ಮಾತಾಡಬೇಕು, ಅವನನ್ನು ತಂಪಾಗಿಡಬೇಕು. ಪೇಪರಿನ ‘ಹೆಮ್ಮಾರಿ’ಯಲ್ಲಿ ಈ ಅಮ್ಮ ಇಲ್ಲ. ನಮ್ಮ ದೇವತೆಯ ಹೆಸರನ್ನು ತಗೊಂಡು ಅದನ್ನು ಬೈಗುಳ ಮಾಡಿದರು.

ಗ್ರಾಮದೇವತೆಗಳನ್ನು ಕುರಿತು ಸಂಶೋಧನೆ ಮಾಡಿ ಡಾಕ್ಟರೇಟ್ ಪಡೆದ ಕವಿ ಸಿದ್ದಲಿಂಗಯ್ಯನವರು ಇದನ್ನು ನಗುನಗುತ್ತಲೇ ನಮಗೆ ಬಿಡಿಸಿ ಹೇಳಬಲ್ಲವರಾಗಿದ್ದರು. 2021ರ ಜೂನ್ 11ರಂದು ಇದೇ ರೋಗ ಅವರನ್ನು ಕೊಂಡುಹೋಯಿತು. ಕೊನೆಯ ಸಲ ಮುಖ ನೋಡಲೂ ನಮಗೆ ಆಗಲಿಲ್ಲ. ಪೇಪರಿನಲ್ಲಿ ಬಂದ ಅವರ ನಗುಮುಖವನ್ನು ಕತ್ತರಿಸಿ ಪುಸ್ತಕದೊಳಗೆ ಇಟ್ಟುಕೊಂಡೆವು.

ಇನ್ನೊಂದು ಮಾತು: ‘ಮರಣಮೃದಂಗ’. ದಿನಾ ಬೆಳಗಾದರೆ ಯಾವುದಾದರೂ ಜಿಲ್ಲೆಯಲ್ಲಿ ಕೊರೊನಾ ಮರಣಮೃದಂಗ ಬಾರಿಸುತ್ತಿತ್ತು. ಅಲ್ಲ ಸ್ವಾಮಿ, ಈ ನಾಡಿನಲ್ಲಿ ಯಾವ ಹೆಣದ ಮುಂದೆ ಮೃದಂಗ ಬಾರಿಸಿದ್ದನ್ನು ಕಂಡಿದ್ದೀರಿ? ಹೆಣದ ಮುಂದೆ ಬಡಿಯುವುದು ತಮಟೆ. ಬಡಿಯುವವನು ನಮ್ಮಪ್ಪ. ಊರಲ್ಲಿ ಯಾರು ಸತ್ತರೂ ಹೇಳಿಕಳಿಸುತ್ತಿದ್ದುದು ಅವನಿಗೇ. ಮೃದಂಗದ ಚರ್ಮ ಹದ ಮಾಡುವವರೂ ನಮ್ಮವರೇ, ಅದು ಬೇರೆ ಮಾತು. ಸಾವಿನ ಸುದ್ದಿ ಬರೆಯುವಾಗಲೂ ಸಾವಿನ ಕೆಲಸ ಮಾಡುವವನು ಕಣ್ಣಿಗೆ ಬೀಳದ ಈ ಭಾಷೆ ಎಲ್ಲಿಂದ ಬಂತು? ಹೆಣದ ಮುಂದೆ ಒಮ್ಮೆಯೂ ನಡೆಯದವರ ಮೇಜಿನಿಂದ ಬಂತು.

3

ಅಸುರ ಇದ್ದ ಮೇಲೆ ಯುದ್ಧ ಬೇಕು, ಯುದ್ಧಕ್ಕೆ ಯೋಧರು ಬೇಕು. 2020ರ ಮಾರ್ಚ್ 25ರಂದು, ಲಾಕ್‌ಡೌನಿನ ಮೊದಲ ದಿನ, ಪ್ರಧಾನಿಯವರು ವಾರಾಣಸಿಯ ಜನರೊಂದಿಗೆ ಮಾತಾಡುತ್ತ ಮಹಾಭಾರತ ಯುದ್ಧ ಗೆಲ್ಲಲು 18 ದಿನ ಹಿಡಿಯಿತು, ಇದಕ್ಕೆ 21 ದಿನ ಎಂದರು. ಪತ್ರಿಕೆಗಳಿಗೆ ಅಷ್ಟು ಸಾಕಾಯಿತು. ಡಾಕ್ಟರು ಅರ್ಜುನನಾದರು, ನರ್ಸು ಕತ್ತಿ ಹಿಡಿದ ದುರ್ಗೆಯಾದಳು, ಪೊರಕೆ ಹಿಡಿದ ಪೌರಕಾರ್ಮಿಕ ‘ಕೊರೊನಾ ಯೋಧ’ನಾದ. ಮಾರ್ಚಿಯ ಕೊನೆಯಲ್ಲಿ ಪಂಜಾಬಿನ ನಾಭಾದಲ್ಲಿ ಬೀದಿ ಗುಡಿಸುವವರ ಮೇಲೆ ಮಹಡಿಗಳಿಂದ ಹೂ ಸುರಿದರು, ನೋಟಿನ ಹಾರ ಹಾಕಿದರು. ಮೇ 3ರಂದು ಸೇನೆಯ ಹೆಲಿಕಾಪ್ಟರುಗಳು ಆಸ್ಪತ್ರೆಗಳ ಮೇಲೆ ಹೂವಿನ ಮಳೆ ಸುರಿಸಿದವು. ಚಿತ್ರ ಚೆನ್ನಾಗಿ ಬಂತು.

ನಾಭಾದ ಆ ಜನರ ಮನಸ್ಸಿನಲ್ಲಿ ಕೃತಜ್ಞತೆ ಇರಲಿಲ್ಲ ಅಂತ ನಾವು ಹೇಳುವುದಿಲ್ಲ. ಆದರೆ ‘ಯೋಧ’ ಎಂಬ ರೂಪಕ ಏನು ಮಾಡುತ್ತದೆ ನೋಡಿ. ಯೋಧ ಸತ್ತರೆ ಅದು ವೀರಮರಣ, ಸಾವಿಗೆ ಯಾರೂ ಜವಾಬ್ದಾರರಲ್ಲ. ಕೂಲಿಯವನು ಸತ್ತರೆ ಪ್ರಶ್ನೆ ಏಳುತ್ತದೆ: ಮಾಸ್ಕು ಕೊಟ್ಟಿರಾ? ಕೈಗವಸು ಕೊಟ್ಟಿರಾ? ಸಂಬಳ ಕೊಟ್ಟಿರಾ? ಯೋಧ ಸಂಬಳ ಕೇಳಬಾರದು, ಮುಷ್ಕರ ಹೂಡಬಾರದು. ಕೂಲಿಯವನನ್ನು ಯೋಧನನ್ನಾಗಿ ಮಾಡಿದ ಕೂಡಲೆ ಅವನ ಪ್ರಶ್ನೆ ಕಿತ್ತುಕೊಂಡ ಹಾಗಾಯಿತು.

ಕರ್ನಾಟಕದಲ್ಲೇ ನೋಡಿ. ಮನೆಮನೆ ತಿರುಗಿ ಜ್ವರ ಕೇಳಿದವರು ನಲವತ್ತು ಸಾವಿರದಷ್ಟು ಆಶಾ ಕಾರ್ಯಕರ್ತೆಯರು. ಅವರು 2020ರ ಜುಲೈ 10ರಿಂದ ಕೆಲಸ ನಿಲ್ಲಿಸಿ ಮುಷ್ಕರ ಹೂಡಿದರು. ತಿಂಗಳಿಗೆ 12,000 ರೂಪಾಯಿ ಗೌರವಧನ ಕೊಡಿ, ರೋಗದಿಂದ ಕಾಪಾಡಿಕೊಳ್ಳುವ ಸಾಮಾನು ಕೊಡಿ ಎಂಬುದು ಬೇಡಿಕೆ. ಬೆಂಗಳೂರು ಮತ್ತಿತರ ಊರುಗಳ ಪೌರಕಾರ್ಮಿಕರು ಕೆಲಸ ಕಾಯಂ ಮಾಡಿ ಎಂದು 2022ರ ಜುಲೈ 1ರಿಂದ ನಾಲ್ಕು ದಿನ ಪೊರಕೆ ಕೆಳಗಿಟ್ಟು ಕುಂತರು. ಹೂ ಸುರಿದು ಎರಡು ವರ್ಷವಾದ ಮೇಲೂ ಅವರು ಬೀದಿಗೆ ಬರಬೇಕಾಯಿತು. ನಮ್ಮ ಕೈಗೆ ಸಿಕ್ಕ ಪೇಪರುಗಳಲ್ಲಿ ಹೂವಿನ ಚಿತ್ರ ಮುಖಪುಟದಲ್ಲಿತ್ತು. ಮುಷ್ಕರದ ಚಿತ್ರ ಒಳಪುಟದಲ್ಲಿ, ಅದೂ ‘ಕಸದ ರಾಶಿ, ನಾಗರಿಕರ ಪರದಾಟ’ ಎಂಬ ಧಾಟಿಯ ತಲೆಬರಹದ ಕೆಳಗೆ. ಕಸದ ಚಿತ್ರ ಹಾಕಿದರು, ಕಸ ಎತ್ತುವವಳ ಚಿತ್ರ ಹಾಕಲಿಲ್ಲ.

4

ಯುದ್ಧಕ್ಕೆ ಒಳಗಿನ ಶತ್ರುವೂ ಬೇಕು. 2020ರ ಮಾರ್ಚ್ ಕೊನೆಯಲ್ಲಿ ದೆಹಲಿಯ ತಬ್ಲೀಗಿ ಸಭೆಯ ಸುದ್ದಿ ಬಂದದ್ದೇ ತಡ, ಕೊರೊನಾದ ಚೆಂಡಿಗೆ ಟೋಪಿ, ಗಡ್ಡ ಬಂತು. ಯಾವ ಊರಿನ ರೋಗದ ಸುದ್ದಿಗೂ ಟೋಪಿಯವರ ಫೋಟೋ. ಗುಂಪು ಸೇರಿದ್ದು ತಪ್ಪೋ ಸರಿಯೋ ಎಂಬುದನ್ನು ಕೇಳುವುದು ಬೇರೆ. ಒಂದು ಸಮುದಾಯದ ಉಡುಪನ್ನೇ ರೋಗದ ಗುರುತು ಮಾಡುವುದು ಬೇರೆ. ಅದೇ ವರ್ಷ ಆಗಸ್ಟ್ 21ರಂದು ಬಾಂಬೆ ಹೈಕೋರ್ಟಿನ ಔರಂಗಾಬಾದ್ ಪೀಠ ಸಭೆಗೆ ಬಂದಿದ್ದ ವಿದೇಶಿಯರ ಮೇಲಿನ ಕೇಸುಗಳನ್ನು ರದ್ದು ಮಾಡಿ, ಇವರನ್ನು ಬಲಿಪಶು ಮಾಡಿದಂತೆ ಕಾಣುತ್ತದೆ ಎಂದಿತು, ಪತ್ರಿಕೆ-ಟೀವಿಗಳ ಅಪಪ್ರಚಾರವನ್ನೂ ಟೀಕಿಸಿತು. 2021ರ ಜೂನಿನಲ್ಲಿ ಟೀವಿ ಸುದ್ದಿಸಂಸ್ಥೆಗಳ ಸ್ವಂತ ನಿಯಂತ್ರಣ ಪ್ರಾಧಿಕಾರವೇ ಕನ್ನಡದ ಎರಡು ವಾಹಿನಿಗಳಿಗೆ ಈ ವರದಿಗಳಿಗಾಗಿ ದಂಡ ಹಾಕಿತು. ತೀರ್ಪು ಬರುವ ಹೊತ್ತಿಗೆ ಹಳ್ಳಿಗಳಲ್ಲಿ ಹಣ್ಣು ಮಾರುವ ಸಾಬರ ಗಾಡಿಗಳು ವಾಪಸು ಹೋಗಿ ಆಗಿತ್ತು. ತೀರ್ಪಿಗೆ ಚಿತ್ರವಿಲ್ಲ. ಅವ್ವನ ಗೋಡೆಗೆ ಅದು ಬರಲೇ ಇಲ್ಲ.

ಇದರಲ್ಲಿ ನಮ್ಮ ಮನೆಯ ಒಂದು ಕಥೆಯೂ ಇದೆ, ಹೇಳಿಬಿಡುತ್ತೇವೆ. 2020ರ ಜುಲೈನಲ್ಲಿ ಬೆಂಗಳೂರಿನಿಂದ ವಾಪಸು ಬಂದಿದ್ದ ನಮ್ಮ ಕೇರಿಯ ಒಬ್ಬ ಹುಡುಗನಿಗೆ ರೋಗ ಅಂತ ಬಂತು. ಅದೇ ವಾರ ಊರೊಳಗೆ ಇಬ್ಬರಿಗೆ ಬಂದಿತ್ತು. ಊರೊಳಗೆ ಆ ಎರಡು ಮನೆಯ ಬಾಗಿಲಿಗೆ ಚೀಟಿ ಅಂಟಿಸಿದರು. ಕೇರಿಯಲ್ಲಿ ಒಂದು ಮನೆಗಲ್ಲ, ಇಡೀ ಕೇರಿಯ ಬಾಯಿಗೆ ಬೊಂಬು ಕಟ್ಟಿ ಸೀಲ್‌ಡೌನ್ ಎಂದು ಬೋರ್ಡು ಹಾಕಿದರು. ಒಬ್ಬರು ಬಂದು ಬೊಂಬಿನ ಆಚೆ ನಿಂತು ಫೋಟೋ ತೆಗೆದರು. ಮಾರನೇ ದಿನ ಒಂದು ಪೇಪರಿನಲ್ಲಿ, ಬೊಂಬಿನ ಹಿಂದೆ ಟವೆಲ್ಲನ್ನು ಮೂಗಿಗೆ ಕಟ್ಟಿಕೊಂಡು ನಿಂತ ನಮ್ಮಪ್ಪ. ಕೆಳಗೆ ಊರಿನ ಹೆಸರು, ಕೇರಿಯ ಹೆಸರು. ಅಪ್ಪನಿಗೆ ರೋಗ ಇರಲಿಲ್ಲ. ಟೆಸ್ಟು ಮಾಡಿದರು, ಇಲ್ಲ ಅಂತಲೇ ಬಂತು. 14 ದಿನಕ್ಕೆ ಬೊಂಬು ಬಿಚ್ಚಿದರು. ಫೋಟೋವನ್ನು ಯಾರು ಬಿಚ್ಚುತ್ತಾರೆ? ಎರಡು ತಿಂಗಳು ಅಪ್ಪನನ್ನು ಯಾರೂ ಕೂಲಿಗೆ ಕರೆಯಲಿಲ್ಲ. ‘ಪೇಪರಲ್ಲಿ ಬಂದಿತ್ತಲ್ಲೋ, ಸ್ವಲ್ಪ ದಿನ ಬುಡು’ ಅಂದರು. ಜೀವಮಾನದಲ್ಲಿ ಒಂದೇ ಸಲ ಪೇಪರಿನಲ್ಲಿ ಬಂದ ಅಪ್ಪ ಬಂದದ್ದು ಹೀಗೆ. ಆ ಹಾಳೆಯನ್ನು ಮಾತ್ರ ಅವ್ವ ಗೋಡೆಗೆ ಅಂಟಿಸಲಿಲ್ಲ, ಒಲೆಗೆ ಹಾಕಿದಳು.

ಊರೊಳಗಿನ ಚೀಟಿ ಅಂಟಿಸಿದ ಬಾಗಿಲು ಯಾಕೆ ಫೋಟೋ ಆಗಲಿಲ್ಲ? ಬೊಂಬು ಕಟ್ಟಿದ ಕೇರಿ ಯಾಕೆ ಆಯಿತು? ‘ಚಿತ್ರ ಚೆನ್ನಾಗಿ ಬರುತ್ತೆ’ ಅಂತ. ಬಡವರ ಬದುಕು ಯಾವಾಗಲೂ ಬೀದಿಯಲ್ಲೇ ಇರುವುದರಿಂದ ಅದರ ಚಿತ್ರ ಸುಲಭವಾಗಿ ಸಿಗುತ್ತದೆ. ಉಳ್ಳವರ ರೋಗಕ್ಕೆ ಕಾಂಪೌಂಡು ಇದೆ.

5

ಹಾಗಾದರೆ ಪತ್ರಿಕೆಗಳ ಚಿತ್ರವೆಲ್ಲ ಸುಳ್ಳೇ? ಇಲ್ಲ. ಹಾಗೆ ಹೇಳಿದರೆ ನಾವು ಕೃತಘ್ನರಾಗುತ್ತೇವೆ. ನಾಲ್ಕು ಗಂಟೆ ಮುಂಚೆ ಹೇಳಿ ದೇಶಕ್ಕೆ ಬೀಗ ಹಾಕಿದಾಗ ಹೆದ್ದಾರಿಯ ಮೇಲೆ ಮೂಟೆ ಹೊತ್ತು ನಡೆದ ಜನವನ್ನು ಸರ್ಕಾರ ಕಾಣಲಿಲ್ಲ, ಕ್ಯಾಮರಾ ಕಂಡಿತು. ಮಾರ್ಚ್ 28ರಂದು ದೆಹಲಿಯ ಆನಂದ ವಿಹಾರ ಬಸ್ ನಿಲ್ದಾಣದಲ್ಲಿ ಸೇರಿದ ಸಾವಿರಾರು ಜನ, ಅದರ ಹಿಂದೆಯೇ ಬರೇಲಿಯಲ್ಲಿ ಊರಿಗೆ ಬಂದ ಕೂಲಿಗಳನ್ನು ರಸ್ತೆಯ ಮೇಲೆ ಕೂರಿಸಿ ದನದ ಮೈ ತೊಳೆದಂತೆ ಔಷಧಿ ನೀರು ಹೊಡೆದದ್ದು, ಇವೆಲ್ಲ ಚಿತ್ರವಾಗದೆ ಹೋಗಿದ್ದರೆ ನಡೆದೇ ಇಲ್ಲ ಎನ್ನುತ್ತಿದ್ದರು. ಹೇಗೆಂದರೆ, ಆ ವರ್ಷ ಸೆಪ್ಟೆಂಬರಿನಲ್ಲಿ ಲೋಕಸಭೆಯಲ್ಲಿ ಕೇಳಿದಾಗ ವಲಸೆ ಕಾರ್ಮಿಕರ ಸಾವಿನ ಲೆಕ್ಕ ತನ್ನಲ್ಲಿ ಇಲ್ಲ ಎಂದು ಕೇಂದ್ರ ಕಾರ್ಮಿಕ ಇಲಾಖೆ ಉತ್ತರಿಸಿತು. ಲೆಕ್ಕ ಇಲ್ಲದ ಕಡೆ ಚಿತ್ರವೇ ಸಾಕ್ಷಿ.

ಆದರೆ ಸಾಕ್ಷಿ ಹೇಳುವ ಚಿತ್ರ ಬೇರೆ, ಅಯ್ಯೋ ಎನ್ನಿಸಿ ಮುಗಿಸುವ ಚಿತ್ರ ಬೇರೆ. 2020ರ ಮೇ 8ರ ನಸುಕಿನಲ್ಲಿ ಔರಂಗಾಬಾದ್ ಬಳಿಯ ಕರ್ಮಾಡದಲ್ಲಿ ಹಳಿಯ ಮೇಲೆ ಮಲಗಿದ್ದ 16 ಮಂದಿ ಕೂಲಿಗಳ ಮೇಲೆ ಗೂಡ್ಸು ಗಾಡಿ ಹರಿಯಿತು. ಹಳಿಗಳ ನಡುವೆ ಚೆಲ್ಲಿದ ರೊಟ್ಟಿಗಳ ಚಿತ್ರ ದೇಶವನ್ನೇ ಅಲುಗಾಡಿಸಿತು. ಆ ರಾತ್ರಿ ನಾವೂ ಒಂದು ಪದ್ಯ ಬರೆದೆವು. ಗೆಳೆಯರು ಹೊಗಳಿದರು. ತಿಂಗಳಾದ ಮೇಲೆ ಒಬ್ಬ ಸಂಗಾತಿ ಕೇಳಿದ: ‘ಅವರು ಯಾವೂರೋರು? ಎಲ್ಲಿ ಕೆಲಸ ಮಾಡ್ತಿದ್ರು? ಹಳಿ ಮೇಲೆ ಯಾಕೆ ನಡೆದ್ರು?’ ನಮಗೆ ಗೊತ್ತಿರಲಿಲ್ಲ. ರೊಟ್ಟಿ ಮಾತ್ರ ಗೊತ್ತಿತ್ತು. ನಾಚಿಕೆಯಾಯಿತು.

ಆಮೇಲೆ ಹುಡುಕಿ ಓದಿದೆವು. ಅವರು ಮಧ್ಯಪ್ರದೇಶದ ಶಹಡೋಲ್ ಮತ್ತು ಉಮರಿಯಾ ಜಿಲ್ಲೆಯವರು, ಹೆಚ್ಚಿನವರು ಗೊಂಡ ಆದಿವಾಸಿಗಳು. ಜಾಲ್ನಾದ ಉಕ್ಕಿನ ಕಾರ್ಖಾನೆಯಲ್ಲಿ ದುಡಿಯುತ್ತಿದ್ದರು. ಭುಸಾವಳದಿಂದ ರೈಲು ಸಿಗಬಹುದೆಂದು ನಡೆದರು. ರೈಲು ಓಡುತ್ತಿಲ್ಲ ಎಂದುಕೊಂಡು ಹಳಿಯ ಮೇಲೇ ಒರಗಿದರು. ಇಷ್ಟು ತಿಳಿದ ಮೇಲೆ ಆ ಚಿತ್ರ ಬದಲಾಯಿತು. ರೊಟ್ಟಿ ಕರುಣೆಯ ಪ್ರತಿಮೆಯಾಗಿ ಉಳಿಯಲಿಲ್ಲ. ಕಾರ್ಖಾನೆ ಯಾಕೆ ಅನ್ನ ಹಾಕಲಿಲ್ಲ, ರೈಲು ಯಾಕೆ ಬಿಡಲಿಲ್ಲ ಎಂದು ಕೇಳತೊಡಗಿತು. ಅದೇ ವಾರ ನಮ್ಮ ಕರ್ನಾಟಕ ಸರ್ಕಾರ ಕಟ್ಟಡ ಕಟ್ಟಿಸುವ ಧಣಿಗಳ ಜೊತೆ ಸಭೆ ಮಾಡಿ, ಊರಿಗೆ ಹೊರಟ ಕೂಲಿಗಳ ರೈಲುಗಳು ಬೇಡವೆಂದು ರೈಲ್ವೆಗೆ ಬರೆದಿತ್ತು. ಜನ ಛೀ ಎಂದ ಮೇಲೆ ಮತ್ತೆ ಬಿಟ್ಟಿತು. ಹಳಿಯ ಮೇಲಿನ ರೊಟ್ಟಿಗೂ ಬೆಂಗಳೂರಿನ ಆ ಪತ್ರಕ್ಕೂ ಇರುವ ಸಂಬಂಧವನ್ನು ನಮ್ಮ ಪದ್ಯ ಕಾಣಲಿಲ್ಲ. ಪತ್ರಿಕೆಗಳನ್ನು ಬೈಯುವ ಮೊದಲು ನಾವು ಕವಿಗಳು ನಮ್ಮ ಕೆನ್ನೆಗೆ ಹೊಡೆದುಕೊಳ್ಳಬೇಕು. ಪ್ರತಿಮೆ ಸಿಕ್ಕಿತು ಎಂದು ಹಿಗ್ಗಿದವರು ನಾವು.

ಇದಕ್ಕೆ ಎದುರಾಗಿ ಒಂದು ಪ್ರತಿಮೆಯನ್ನು ನೆನೆಯಬೇಕು. 2020ರ ಅಕ್ಟೋಬರಿನಲ್ಲಿ ಕೋಲ್ಕತ್ತಾದ ಬೆಹಾಲಾದ ಬರಿಶಾ ಕ್ಲಬ್ಬಿನವರು ದುರ್ಗೆಯನ್ನು ಕಂಕುಳಲ್ಲಿ ಬರಿಮೈ ಕೂಸನ್ನು ಎತ್ತಿಕೊಂಡ ವಲಸೆ ತಾಯಿಯಾಗಿ ಕೂರಿಸಿದರು. ಶಿಲ್ಪಿ ಪಲ್ಲವ್ ಭೌಮಿಕ್. ಬೇರೆ ಪೆಂಡಾಲುಗಳಲ್ಲಿ ದೇವಿ ಕೊರೊನಾಸುರನನ್ನು ಇರಿಯುತ್ತಿದ್ದಾಗ ಇಲ್ಲಿ ಅವಳು ಅನ್ನಕ್ಕಾಗಿ ನಡೆಯುತ್ತಿದ್ದಳು. ದೇವರನ್ನು ನಂಬದ ನಮಗೂ ಆ ಮೂರ್ತಿಯ ಮುಂದೆ ನಿಲ್ಲಬೇಕು ಅನ್ನಿಸಿತು.

6

2021ರ ಏಪ್ರಿಲಿನಲ್ಲಿ ಚಿತೆಗಳು ಬಂದವು. ರಾಯಿಟರ್ಸಿನ ಛಾಯಾಗ್ರಾಹಕ ಡ್ಯಾನಿಶ್ ಸಿದ್ದಿಕಿ ದೆಹಲಿಯ ಸ್ಮಶಾನವೊಂದರ ಮೇಲೆ ಡ್ರೋನ್ ಹಾರಿಸಿ ತೆಗೆದ ಚಿತ್ರವನ್ನು ನೀವೆಲ್ಲ ನೋಡಿದ್ದೀರಿ. ಮನೆಗಳ ಮಗ್ಗುಲಲ್ಲೇ ಸಾಲು ಸಾಲಾಗಿ ಉರಿಯುವ ಚಿತೆಗಳು. ಸತ್ತವರಿಗೆ ಅವಮಾನ, ದೇಶದ ಮಾನ ಹರಾಜು ಎಂದು ಅವರನ್ನು ಬೈದರು. ಅದೇ ವರ್ಷ ಜುಲೈ 16ರಂದು ಅವರು ಅಫ್ಘಾನಿಸ್ತಾನದಲ್ಲಿ ಹತರಾದರು. 2022ರಲ್ಲಿ ಅವರಿಗೂ ಅವರ ಮೂವರು ಸಹೋದ್ಯೋಗಿಗಳಿಗೂ ಭಾರತದ ಕೋವಿಡ್ ಚಿತ್ರಗಳಿಗಾಗಿ ಪುಲಿಟ್ಜರ್ ಬಂತು.

ದೇಶದ ಮಾನ ಹೋಯಿತು ಎಂದವರಿಗೆ ನಮ್ಮ ಉತ್ತರ ಸರಳ. ವಿಶ್ವ ಆರೋಗ್ಯ ಸಂಸ್ಥೆ 2022ರ ಮೇನಲ್ಲಿ ಪ್ರಕಟಿಸಿದ ಅಂದಾಜಿನ ಪ್ರಕಾರ 2020-21ರಲ್ಲಿ ಭಾರತದಲ್ಲಿ ವಾಡಿಕೆಗಿಂತ ಹೆಚ್ಚಾಗಿ ಸತ್ತವರು 47 ಲಕ್ಷ. ಸರ್ಕಾರದ ಲೆಕ್ಕ 4.8 ಲಕ್ಷ. ಸರ್ಕಾರ ಆ ಅಂದಾಜನ್ನು ಒಪ್ಪಲಿಲ್ಲ. ಒಪ್ಪಲಿ ಬಿಡಲಿ, ಲೆಕ್ಕಕ್ಕೆ ಬಾರದ ಹೆಣಗಳನ್ನು ಯಾರಾದರೂ ನಿಂತು ಎಣಿಸಬೇಕಿತ್ತು. ಗುಜರಾತಿನ ‘ಸಂದೇಶ್’ ಪತ್ರಿಕೆಯವರು ಆಸ್ಪತ್ರೆ, ಸ್ಮಶಾನಗಳ ಬಾಗಿಲಲ್ಲಿ ನಿಂತು ಎಣಿಸಿದರು. ಹಿಂದಿಯ ‘ದೈನಿಕ್ ಭಾಸ್ಕರ್’ನವರು ಗಂಗೆಯ ದಡದ ಮರಳಿನಲ್ಲಿ ಹೂತ ಹೆಣಗಳನ್ನು, ತೇಲಿಬಂದ ಹೆಣಗಳನ್ನು ತೋರಿಸಿದರು. ಬಕ್ಸರಿನ ಚೌಸಾದಲ್ಲಿ 71 ಹೆಣ ನೀರಿನಿಂದ ತೆಗೆದರು. ಜುಲೈ 22ರಂದು ಆ ಪತ್ರಿಕೆಯ ಮೇಲೆ ಆದಾಯ ತೆರಿಗೆಯವರ ದಾಳಿಯಾಯಿತು. ತೆರಿಗೆಯ ವಿಚಾರ ಅಂತ ಅವರು ಹೇಳಿದರು. ಓದುಗರು ಅರ್ಥ ಮಾಡಿಕೊಂಡರು.

ಆದರೆ ಸಿದ್ದಿಕಿಯವರ ಚಿತ್ರದ ಬಗ್ಗೆ ನಮ್ಮದೂ ಒಂದು ಮಾತಿದೆ, ಗೌರವದಿಂದಲೇ. ಅಷ್ಟು ಮೇಲಿಂದ ಬೆಂಕಿ ಕಾಣುತ್ತದೆ. ಸೌದೆ ಒಟ್ಟಿದವನು, ರಾತ್ರಿಯೆಲ್ಲ ಹೆಣ ಹೊತ್ತವನು, ಬೆಳಗ್ಗೆ ಬೂದಿ ಬಾಚಿದವನು ಇರುವೆಯಷ್ಟೂ ಕಾಣುವುದಿಲ್ಲ. ಸಾವಿನ ಪ್ರಮಾಣ ತೋರಿಸಲು ಎತ್ತರ ಬೇಕು, ನಿಜ. ಹೆಣ ಸುಡುವವರ ಜಾತಿ ತೋರಿಸಲು ಕೆಳಗೆ ಇಳಿಯಬೇಕು. ಇಳಿದವರು ಕಡಿಮೆ. 2020ರ ಜೂನ್ 30ರಂದು ಬಳ್ಳಾರಿಯ ಒಂದು ವಿಡಿಯೋ ಹೊರಬಿತ್ತು. ಮೈತುಂಬ ರಕ್ಷಾಕವಚ ತೊಟ್ಟವರು ಹೆಣಗಳನ್ನು ಗುಂಡಿಗೆ ಎಸೆಯುತ್ತಿದ್ದರು. ನೋಡಿ ನಮಗೂ ಹೊಟ್ಟೆ ತೊಳಸಿತು. ಜಿಲ್ಲಾಡಳಿತ ಕ್ಷಮೆ ಕೇಳಿ ಆ ತಂಡವನ್ನು ಬದಲಿಸಿತು. ಆದರೆ ಆ ಬಿಳಿ ಕವಚದೊಳಗೆ ಯಾರಿದ್ದರು, ಅವರಿಗೆ ದಿನಕ್ಕೆಷ್ಟು ಕೊಡುತ್ತಿದ್ದರು, ಎಷ್ಟು ಹೆಣ ಹೂಳಿಸುತ್ತಿದ್ದರು, ಈ ಕೆಲಸಕ್ಕೆ ಅವರನ್ನು ಕಳಿಸಿ ದೂರ ನಿಂತವರು ಯಾರು ಎಂದು ಕೇಳಿದ ಸುದ್ದಿ ನಮ್ಮ ಕಣ್ಣಿಗೆ ಬೀಳಲಿಲ್ಲ. ಸ್ಮಶಾನ ಎಂದರೆ ನಮ್ಮ ಸಂಸ್ಕೃತಿಗೆ ಹರಿಶ್ಚಂದ್ರನೇ ನೆನಪು. ರಾಜನೊಬ್ಬ ಅಲ್ಪಕಾಲ ಸುಡುಗಾಡು ಕಾದದ್ದಕ್ಕೆ ಕಾವ್ಯಗಳೇ ಹುಟ್ಟಿದವು. ತಲೆತಲಾಂತರ ಕಾದವನು ಆ ಕಥೆಯೊಳಗೂ ಚಂಡಾಲನಾಗೇ ಉಳಿದ.

ಇನ್ನು ಚಿತ್ರವೇ ಇಲ್ಲದ ಸಾವುಗಳು. 2021ರ ಮೇ 2-3ರಂದು ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ ಒಂದೇ ದಿನದೊಳಗೆ 24 ಮಂದಿ ಸತ್ತರು. ಆಮ್ಲಜನಕ ಮುಗಿದಿತ್ತು. ಇಲ್ಲದಿರುವುದನ್ನು ಯಾವ ಕ್ಯಾಮರಾ ತೆಗೆಯುತ್ತದೆ? ಮುಂದೆ ಜುಲೈ 20ರಂದು ಕೇಂದ್ರ ಸರ್ಕಾರ ರಾಜ್ಯಸಭೆಯಲ್ಲಿ, ಆಮ್ಲಜನಕದ ಕೊರತೆಯಿಂದಲೇ ಸತ್ತರೆಂದು ರಾಜ್ಯಗಳು ನಿರ್ದಿಷ್ಟವಾಗಿ ವರದಿ ಮಾಡಿಲ್ಲ ಎಂದಿತು. ಚಿತ್ರವೂ ಇಲ್ಲ, ಲೆಕ್ಕವೂ ಇಲ್ಲ. ಉಳಿದದ್ದು ಆ ಮನೆಗಳ ಹೆಂಗಸರ ಬಾಯಿಮಾತು. ಅದನ್ನು ಬರೆದಿಡುವುದು ಯಾರ ಕೆಲಸ?

7

ಕೊನೆಯದಾಗಿ ಒಂದು ಪದ, ಒಂದು ಚಿತ್ರ. ಪದ ‘ಸಾಮಾಜಿಕ ಅಂತರ’. ವಿಶ್ವ ಆರೋಗ್ಯ ಸಂಸ್ಥೆಯೇ 2020ರ ಮಾರ್ಚಿಯಲ್ಲಿ ಅದನ್ನು ಬಿಟ್ಟು ದೈಹಿಕ ಅಂತರ ಎನ್ನತೊಡಗಿತು. ನಮ್ಮ ಪತ್ರಿಕೆಗಳು ಬಿಡಲಿಲ್ಲ. ಅಂಗಡಿಯ ಮುಂದೆ ಸುಣ್ಣದಲ್ಲಿ ಬರೆದ ವೃತ್ತಗಳು, ಅದರೊಳಗೆ ನಿಂತ ಜನ, ಈ ಚಿತ್ರ ದಿನಾ ಬಂತು. ಜೊತೆಗೆ ಕೈಮುಗಿಯುವ ಚಿತ್ರ ಹಾಕಿ, ನೋಡಿ, ನಮ್ಮ ಪೂರ್ವಿಕರ ಮಡಿ ಎಷ್ಟು ವೈಜ್ಞಾನಿಕ ಎಂದು ಬರೆದವರೂ ಇದ್ದರು. ಅವ್ವ ಆ ಸುಣ್ಣದ ವೃತ್ತ ನೋಡಿ ನಕ್ಕಳು: ‘ನಮ್ಗೆ ಇದ್ನ ಯಾರೂ ಬರ್ದು ತೋರ್ಸ್ಲಿಲ್ಲ ಕಣ್ ಮಗಾ, ನಾವೇ ನಿಂತ್ಕತಿದ್ದೋ.’ ಊರಿನ ಹೋಟೆಲಿನಲ್ಲಿ ಎಲ್ಲರಿಗೂ ಬಿಸಾಕುವ ಲೋಟ ಬಂದಾಗ ಕೇರಿಯವರಿಗೆ ಹೊಸದೇನೂ ಅನ್ನಿಸಲಿಲ್ಲ. ರೋಗದ ಅಂತರ ರೋಗ ಇರುವ ತನಕ, ಅದು ಎಲ್ಲರಿಗೂ ಒಂದೇ. ಮಡಿಯ ಅಂತರ ಹುಟ್ಟಿನಿಂದ, ಅದು ನಮಗೆ ಮಾತ್ರ. ಈ ಎರಡನ್ನೂ ಒಂದೇ ಚಿತ್ರದಲ್ಲಿ ತೋರಿಸುವುದು ಹುನ್ನಾರ.

ಈಗ ಚಿತ್ರ. 1897ರಲ್ಲಿ ಪುಣೆಯಲ್ಲಿ ಪ್ಲೇಗು. ಸಾವಿತ್ರಿಬಾಯಿ ಫುಲೆ ಅವರ ಮಗ ಡಾಕ್ಟರ್ ಯಶವಂತ ಊರಾಚೆ ಹಡಪ್ಸರದ ಬಳಿ ರೋಗಿಗಳಿಗೆ ಆಸ್ಪತ್ರೆ ತೆರೆದಿದ್ದ. ಮುಂಢವಾದ ಮಹಾರವಾಡದಲ್ಲಿ ಒಬ್ಬ ಹುಡುಗನಿಗೆ ಪ್ಲೇಗಾಗಿದೆ ಎಂದು ಕೇಳಿ ಆ ಮುದುಕಿ ಹೋಗಿ, ಅವನನ್ನು ಬೆನ್ನ ಮೇಲೆ ಹೊತ್ತು ತಂದರು. ಹುಡುಗ ಬದುಕಿದ. ಸಾವಿತ್ರಿಬಾಯಿ ಮಾರ್ಚ್ 10ರಂದು ಅದೇ ರೋಗದಿಂದ ಸತ್ತರು. ಆ ದಾರಿಯಲ್ಲಿ ಯಾವ ಕ್ಯಾಮರಾ ಇರಲಿಲ್ಲ. ಆ ಚಿತ್ರವನ್ನು ಮುಂದೆ ಬರೆದವರು ನಮ್ಮ ಜನ, ಬ್ಯಾನರಿನ ಮೇಲೆ, ಸಂಘದ ಕಚೇರಿಯ ಗೋಡೆಯ ಮೇಲೆ. ರೋಗದ ಬಗ್ಗೆ ನಮ್ಮ ಕಣ್ಣು ಹೇಗಿರಬೇಕು ಎಂಬುದಕ್ಕೆ ನಮಗೆ ಅದು ಅಳತೆಗೋಲು. ಅಲ್ಲಿ ಅಸುರ ಇಲ್ಲ, ಯೋಧ ಇಲ್ಲ. ಹೊತ್ತವಳು ಇದ್ದಾಳೆ, ಹೊರಿಸಿಕೊಂಡವನು ಇದ್ದಾನೆ.

ಹಳ್ಳಿಯ ಶಾಲೆಗಳಲ್ಲಿ ಇರುವ ಮೇಷ್ಟ್ರುಗಳಲ್ಲಿ, ಮೇಡಂಗಳಲ್ಲಿ ನಮ್ಮದೊಂದು ಕೋರಿಕೆ. ವಾರಕ್ಕೊಂದು ದಿನ ಒಂದು ಪೇಪರಿನ ಚಿತ್ರ ಕತ್ತರಿಸಿ, ಕೆಳಗಿನ ಅಕ್ಷರ ಮುಚ್ಚಿ, ಮಕ್ಕಳ ಮುಂದೆ ಇಡಿ. ತೆಗೆದವರು ಎಲ್ಲಿ ನಿಂತಿದ್ದಾರೆ? ಯಾರ ಮುಖ ಕಾಣುತ್ತದೆ, ಯಾರ ಬೆನ್ನು ಮಾತ್ರ ಕಾಣುತ್ತದೆ? ಈ ಜಾಗದಲ್ಲಿ ಇರಬೇಕಾಗಿದ್ದವರು ಯಾರು ಇಲ್ಲಿಲ್ಲ? ಆಮೇಲೆ ಅಕ್ಷರ ತೆರೆದು ಓದಿಸಿ. ಮನೆಗೆ ಒಯ್ದು ಅಕ್ಷರ ಬಾರದ ಅವ್ವಂದಿರಿಗೆ ತೋರಿಸಿ ಕೇಳಿಕೊಂಡು ಬನ್ನಿ ಅನ್ನಿ. ಚಾಮರಾಜನಗರದ ಕಡೆಯ ಗೆಳೆಯರು ಆ ರಾತ್ರಿ ಮನೆಯವರನ್ನು ಕಳಕೊಂಡವರ ಮಾತನ್ನು, ಅವರು ಒಪ್ಪಿದರೆ, ಬರೆದುಕೊಳ್ಳಲಿ. ಸ್ಮಶಾನದಲ್ಲಿ ದುಡಿದವರ ಮಾತನ್ನೂ ಬರೆದುಕೊಳ್ಳಲಿ. ಮುಂದಿನ ರೋಗ ಬಂದೇ ಬರುತ್ತದೆ. ಅದು ಬರುವ ಹೊತ್ತಿಗೆ ಅದರ ಮುಖ ಹೇಗಿರಬೇಕೆಂದು ತೀರ್ಮಾನಿಸುವ ಕೈಗಳು ಬರೀ ಅವರವೇ ಆಗಿರಬಾರದು.

ನಮ್ಮ ಮನೆಯ ಗೋಡೆಯಲ್ಲಿ ಅಪ್ಪನ ಫೋಟೋ ಇರಬೇಕಿದ್ದ ಜಾಗ ಇನ್ನೂ ಖಾಲಿ ಇದೆ. ಅಲ್ಲಿ ಮಣ್ಣು ಉದುರುತ್ತಿದೆ.